ನೂರಕ್ಕೆ ಮೂರು

ಖಾನಾಪುರ
14 ಜುಲೈ 2026, ಮಂಗಳವಾರ

ಆಯೆಷಾಳ ಅಬ್ಬಾ ಅವರಿಗೆ ತಹಮೀನಾಳ ಸಲಾಂ.

ಇಲ್ಲಿ ನಾವೆಲ್ಲ ಆರಾಮ. ನಿಮ್ಮ ಅಮ್ಮಿಯ ಮೊಣಕಾಲು ನೋವು ಕಡಿಮೆಯಾಗಿದೆ, ಆಯೆಷಾ ಶಾಲೆಗೆ ತಪ್ಪದೆ ಹೋಗುತ್ತಿದ್ದಾಳೆ. ನೀವೂ ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ಈ ಪತ್ರ ಮುಗಿಯುವ ತನಕವಾದರೂ ಹಾಗೇ ಇರಿ.

ಕೈಯಲ್ಲಿ ಫೋನು ಇರುವಾಗ ಇವಳಿಗೆ ಇದೆಂಥ ಪತ್ರದ ಹುಚ್ಚು ಎಂದು ಹುಬ್ಬೇರಿಸುತ್ತೀರಿ, ಗೊತ್ತು. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ನಿಮ್ಮವು ನಾಲ್ಕು ಬರುತ್ತವೆ. ಐದನೆಯದಕ್ಕೆ ನೆಟ್‌ವರ್ಕ್ ಹೋಗುತ್ತದೆ. ಅದೂ ನನ್ನ ಮಾತು ಸರಿಯಿದ್ದ ದಿನವೇ ಹೋಗುತ್ತದೆ. ಪತ್ರಕ್ಕೆ ನೆಟ್‌ವರ್ಕ್ ಬೇಕಿಲ್ಲ, ನಡುವೆ ಬಾಯಿ ಹಾಕುವುದಕ್ಕೂ ಬರುವುದಿಲ್ಲ. ನಿಮ್ಮ ಕೋಣೆಯ ಸಂಜಯಣ್ಣ ರಜೆ ಮುಗಿಸಿ ಗುರುವಾರ ಗೋವಾದಲ್ಲಿ ವಿಮಾನ ಹತ್ತುತ್ತಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಜೊತೆಗೆ ಬೆಳಗಾವಿಯ ಕುಂದಾ ಇದೆ. ಪತ್ರ ಪೂರ್ತಿ ಓದುವ ತನಕ ಅದನ್ನು ಮುಟ್ಟಬೇಡಿ. ಉರ್ದುವಿನಲ್ಲಿ ಬರೆದರೆ ಅಮ್ಮಿ ಕನ್ನಡಕ ಹಾಕಿಕೊಂಡು ಕೂತು ಓದಿಬಿಡುತ್ತಾರೆ. ಕನ್ನಡ ಅವರಿಗೆ ಬರುವುದಿಲ್ಲ. ಶಾಲೆಯಲ್ಲಿ ಗುರುಗಳು ನಮ್ಮಿಬ್ಬರ ಕಿವಿ ಹಿಂಡಿ ಕಲಿಸಿದ ಕನ್ನಡ ಇವತ್ತು ಉಪಯೋಗಕ್ಕೆ ಬಂತು.

ಮೊದಲಿಂದ ಹೇಳುತ್ತೇನೆ. ಅರ್ಧ ನಿಮಗೆ ಗೊತ್ತಿರುವುದೇ, ಆದರೆ ನೀವು ಅದನ್ನು ಆ ದಡದಲ್ಲಿ ನಿಂತು ನೋಡಿದ್ದೀರಿ. ಈ ದಡದಿಂದ ಹೇಗೆ ಕಂಡಿತು ಎಂಬುದೂ ನಿಮಗೆ ತಿಳಿಯಲಿ.

ನಮ್ಮ ಓಣಿಯ ಆರು ಗಂಡಸರು ಒಮಾನಿನ ಸೋಹಾರಿನಲ್ಲಿ ಪೈಪು ಕಾರ್ಖಾನೆ ಸೇರಿದಿರಿ. ಒಂದೇ ಕೋಣೆಯಲ್ಲಿ ವಾಸ, ಒಂದೇ ಒಲೆಯ ಮೇಲೆ ಅಡುಗೆ. ಪಗಾರವಾದ ದಿನ ಆರೂ ಜನ ಹಣ ಕಳಿಸುವ ಅಂಗಡಿಯ ಕಿಟಕಿಗೆ ಸಾಲು ಹಚ್ಚುತ್ತಿದ್ದಿರಿ. ಎಷ್ಟೇ ಕಳಿಸಿದರೂ ಒಂದು ಸಲಕ್ಕೆ ಅಂಗಡಿಯವನ ಶುಲ್ಕ ಒಂದೇ. ಆ ಶುಲ್ಕದ ಮೇಲೆ ಅಲ್ಲಿನ ಸರಕಾರದ್ದು ಚೂರು ತೆರಿಗೆ. ನಮ್ಮ ದುಡ್ಡಿನಲ್ಲಿ ಅಳೆದರೆ ಒಬ್ಬೊಬ್ಬರಿಗೆ ನಾನೂರರ ಮೇಲೆ ಹೋಗುತ್ತಿತ್ತು. ಆಗ ನಿಮಗೆ ಹೊಳೆಯಿತು. ಆರು ಜನ ಆರು ಸಲ ಕಟ್ಟುವುದು ಯಾಕೆ, ಎಲ್ಲರದ್ದೂ ಕೂಡಿಸಿ ಒಬ್ಬರೇ ಕಳಿಸಿದರೆ ಒಂದೇ ಶುಲ್ಕ ಆಗುತ್ತದಲ್ಲ ಎಂದಿರಿ. ನೀವು ಕಳಿಸುವುದು, ನನ್ನ ಖಾತೆಗೆ ಬರುವುದು, ನಾನು ಬ್ಯಾಂಕಿನಿಂದ ತೆಗೆದು ಐದು ಮನೆಗೆ ಹಂಚುವುದು, ಉಳಿದದ್ದು ನಮ್ಮದು. ಖರೇ ಹೇಳುತ್ತೇನೆ, ಆಗ ನಿಮ್ಮ ಬುದ್ಧಿಗೆ ನಾನು ಬೆರಗಾಗಿದ್ದೆ. ಓಣಿಯೆಲ್ಲ ಹೇಳಿಕೊಂಡು ತಿರುಗಿದೆ.

ಹಂಚುವ ದಿನ ನಮ್ಮ ಮನೆಯಲ್ಲಿ ಹೇಗೆ ನಡೆಯುತ್ತದೆ ಎಂದು ನೀವು ಕಣ್ಣಾರೆ ನೋಡಿದವರಲ್ಲ. ಐದೂ ಮನೆಯ ಹೆಂಗಸರು ಚಹಾದ ಹೊತ್ತಿಗೆ ಬರುತ್ತಾರೆ. ನಿಮ್ಮ ಜೊತೆಗಿರುವ ಸಿದರಾಯಣ್ಣನ ಹೆಂಡತಿ ಕಾಶವ್ವಕ್ಕ ಎಲ್ಲರಿಗಿಂತ ಹಿರಿಯಳು, ಅವಳ ಕಾಯಿದೆ ಒಂದಿದೆ. ದೂರದಿಂದ ಬಂದ ದುಡ್ಡನ್ನು ಕೈಯಿಂದ ಕೈಗೆ ಕೊಡಬಾರದಂತೆ, ಕೊಟ್ಟರೆ ಎರಡು ಮನೆಗೆ ಜಗಳ ಬೀಳುತ್ತದಂತೆ. ಅದಕ್ಕೇ ಮನೆಯಿಂದ ಮೊರ ತರುತ್ತಾಳೆ. ನಾನು ಒಬ್ಬೊಬ್ಬರ ಪಾಲನ್ನು ಮೊರದ ಮೇಲೆ ಇಡಬೇಕು, ಅವರು ಅಲ್ಲಿಂದ ಎತ್ತಿಕೊಳ್ಳಬೇಕು. ಮೊದಮೊದಲು ಅಮ್ಮಿ ನಕ್ಕರು. ಈಗ ಯಾರಾದರೂ ಮರೆತು ಕೈ ಚಾಚಿದರೆ ಗದರುವವರು ಅಮ್ಮಿಯೇ.

ಕಳೆದ ವರ್ಷ ಮಳೆಗಾಲದಲ್ಲಿ ಟಿವಿಯಲ್ಲಿ ಒಂದು ಸುದ್ದಿ ಬಂತು. ಅಮೆರಿಕದವರು ಅಲ್ಲಿಂದ ಹೊರಗೆ ಕಳಿಸುವ ದುಡ್ಡಿಗೆ ತೆರಿಗೆ ಹಾಕುತ್ತಾರಂತೆ ಎಂದು. ಅದಾದ ಸ್ವಲ್ಪ ದಿನಕ್ಕೆ ನೀವು ಫೋನಿನಲ್ಲಿ, ಒಮಾನಿನಲ್ಲೂ ಬಂದುಬಿಟ್ಟಿದೆ, ನೂರಕ್ಕೆ ಮೂರು ರೂಪಾಯಿ ಸರಕಾರ ಮುರಿದುಕೊಳ್ಳುತ್ತದೆ ಎಂದಿರಿ. ಜೊತೆಗಿರುವ ಐವರಿಗೂ ಅದನ್ನೇ ಹೇಳಿದಿರಿ. ಮುಂದಿನ ತಿಂಗಳಿಂದ ಐದೂ ಮನೆಗೆ ಒಂದೊಂದು ಪಾಲಿನ ಇಪ್ಪತ್ತೈದು ಸಾವಿರದಲ್ಲಿ ಏಳುನೂರ ಐವತ್ತು ಕಡಿಮೆ ಬರತೊಡಗಿತು. ಹೆಂಗಸರು ಮೊರದ ಸುತ್ತ ಕೂತು ಆ ಸರಕಾರಕ್ಕೆ ಬೈಗುಳದ ಮಳೆ ಸುರಿಸಿದರು. ನಾನೂ ಅವರ ಜೊತೆ ಸೇರಿ ಬೈದೆ, ಚೆನ್ನಾಗಿ ಬೈದೆ. ಇವತ್ತು ನೆನೆಸಿಕೊಂಡರೆ ಆ ಬೈಗುಳ ಯಾರ ಮನೆ ಬಾಗಿಲಿಗೆ ಬಿತ್ತು ಎಂದು ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಇರಲಿ, ನಾನು ಮುಂದೆ ಓಡುತ್ತಿದ್ದೇನೆ.

ಜೂನ್ ಮೊದಲ ವಾರ ತೆರಿಗೆ ಇಲಾಖೆಯ ಕಾಗದ ಬಂತು. ನನ್ನ ಖಾತೆಗೆ ಒಂದು ವರ್ಷದಲ್ಲಿ ಹದಿನೆಂಟು ಲಕ್ಷದ ಆಸುಪಾಸು ಬಂದಿದೆ, ಇದು ಯಾವ ಆದಾಯ, ಲೆಕ್ಕ ಯಾಕೆ ಕೊಟ್ಟಿಲ್ಲ ಎಂದು ಕೇಳಿದ್ದರು. ನೀವು ಐದು ಶುಲ್ಕ ಉಳಿಸಲು ಹೋಗಿ ನನ್ನನ್ನು ಖಾನಾಪುರದ ಸಾಹುಕಾರತಿ ಮಾಡಿಟ್ಟಿದ್ದಿರಿ. ಬ್ಯಾಂಕಿನವರೂ ಇದಕ್ಕೆ ಉತ್ತರ ತೋರಿಸುವ ತನಕ ದುಡ್ಡು ತೆಗೆಯುವ ಹಾಗಿಲ್ಲ ಎಂದರು. ಆರು ಮನೆಯ ತಿಂಗಳ ಪಗಾರ ಒಳಗೇ ಸಿಕ್ಕಿಬಿತ್ತು. ಕಾಶವ್ವಕ್ಕನ ಮಗಳು ಮೇಘಾಳಿಗೆ ಬೆಳಗಾವಿ ಕಾಲೇಜಿನಲ್ಲಿ ಬಿ.ಕಾಂ. ಸೀಟು ಸಿಕ್ಕಿತ್ತು, ಫೀ ಕಟ್ಟುವ ಗಡುವು ಹತ್ತಿರ ಬಂದಿತ್ತು. ಕಾಶವ್ವಕ್ಕ ಬಾಯಿ ಬಿಟ್ಟು ಕೇಳಲಿಲ್ಲ. ಬಂದು ಬಾಗಿಲಲ್ಲಿ ನಿಂತು, ಚಹಾ ಕುಡಿದು, ಹೋಗುತ್ತಿದ್ದಳು. ಬೇರೆಯವರು ಬಾಯಿ ಬಿಟ್ಟೇ ಕೇಳಿದರು. ನಳದ ಹತ್ತಿರ ನಾನು ಕೊಡ ಇಟ್ಟರೆ ಮಾತು ನಿಲ್ಲುತ್ತಿತ್ತು. ಮದುವೆಯಾಗಿ ಈ ಓಣಿಗೆ ಬಂದ ಮೇಲೆ ಮೊದಲ ಸಲ ನನಗೆ ನೀರು ತರಲು ಬೇಸರವಾಯಿತು.

ನಿಮಗೆ ಫೋನು ಮಾಡಿದರೆ ಏನೆಂದಿರಿ, ನೆನಪಿದೆಯೇ. ನೀನು ಆಫೀಸಿಗೆ ಕಾಲಿಡಬೇಡ, ಯಾರ ಮುಂದೆಯೂ ಬಾಯಿ ಬಿಡಬೇಡ, ಹೆಂಗಸರಿಗೆ ಇದು ತಿಳಿಯುವುದಲ್ಲ, ಎಲ್ಲ ಮುಜೀಬನ ಕೈಗೆ ಕೊಡು ಎಂದಿರಿ. ನನ್ನ ಮೇಲಿನ ಕಾಳಜಿ ಎಂದುಕೊಂಡೆ, ನಿಜ. ನಿಮ್ಮ ತಮ್ಮ ಮುಜೀಬ ಬೆಳಗಾವಿಯ ಅನಗೋಳದಿಂದ ಬೈಕ್ ಮೇಲೆ ಬಂದ. ಮುಂದಿನ ಕೋಣೆಯಲ್ಲಿ, ತಾನೇ ಆರಿಸಿ ತಂದ ಕೆಂಪು ಸೋಫಾದ ಮೇಲೆ ಒರಗಿ ಕೂತ. ಅಲ್ಲಿ ಯಾರಿಗೋ ಕೈ ಬಿಸಿ ಮಾಡಿದರೆ ಕೆಲಸ ಮುಗಿಯುತ್ತದೆ, ಇಪ್ಪತ್ತು ಸಾವಿರ ಕೊಡಿ ಭಾಬಿ ಎಂದ. ಊಟ ಹಾಕಿ ಕಳಿಸಿದೆ. ದುಡ್ಡು ಕೊಡಲಿಲ್ಲ.

ಮರುದಿನ ನಾನು ಬೆಳಗಾವಿಗೆ ಹೊರಟೆ. ಒಬ್ಬಳೇ ಅಲ್ಲ. ಐದೂ ಮನೆಯ ಹೆಂಗಸರನ್ನು ಕರೆದುಕೊಂಡು ಹೊರಟೆ. ಯಾರ ದುಡ್ಡು ಎಂದು ಕೇಳಿದರೆ ದುಡ್ಡಿನವರೇ ಎದುರಿಗಿರಲಿ ಎಂದು. ನಮಗೇನು, ಬಸ್ಸಿನಲ್ಲಿ ಹೆಂಗಸರಿಗೆ ಸೊನ್ನೆ ಟಿಕೀಟು. ಕಂಡಕ್ಟರ್ ಆರು ಟಿಕೀಟು ಹರಿದು ಕೊಟ್ಟು, ಯಾರ ಲಗ್ನಕ್ಕ ಹೊಂಟೀರೆವ್ವಾ ಎಂದು ಕೇಳಿದ. ಸಂಜಯಣ್ಣನ ಹೆಂಡತಿ ಪ್ರಮಿಳಾ ಅವನಿಗೆ, ನಮ್ಮ ರೊಕ್ಕದ ಲಗ್ನ ಐತಿ, ಊಟಕ್ಕ ಬರ್ರಿ ಎಂದಳು. ಇಷ್ಟು ದಿನದ ಮೇಲೆ ಎಲ್ಲರೂ ಒಟ್ಟಿಗೆ ನಕ್ಕಿದ್ದು ಆಗಲೇ.

ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ ಗುರುಪುತ್ರಪ್ಪ ಕಾಕಾ ಅವರ ಕೋಣೆಗೆ ಹೋದೆವು. ನಮ್ಮ ಅಬ್ಬಾ ಗೌಸಸಾಬರು ಉದ್ಯಮಬಾಗದ ಫೌಂಡ್ರಿಯಲ್ಲಿದ್ದಾಗ ಅಲ್ಲಿ ಲೆಕ್ಕ ಬರೆಯುತ್ತಿದ್ದವರು. ಈಗ ಹಳೆ ಬಂಗಲೆಯೊಂದರ ಹಿಂದಿನ ಕೋಣೆಯಲ್ಲಿ ಕೂತು ಜನರ ತೆರಿಗೆ ಕಾಗದ ಬರೆದುಕೊಡುತ್ತಾರೆ. ಅವರು ಎಲ್ಲ ಕೇಳಿಸಿಕೊಂಡು, ಇದರಾಗ ಕಳವು ಏನಿಲ್ಲ ಮಗಳ, ಆದರ ಶಾಣ್ಯಾತನ ಭಾಳ ಆಗೇತಿ ಎಂದರು. ಉತ್ತರ ಬರೆದುಕೊಟ್ಟು, ತಾವೇ ಜೊತೆಗೆ ಆಫೀಸಿಗೆ ಬಂದರು.

ಅಧಿಕಾರಿ ಒಬ್ಬ ಹೆಂಗಸು, ನನಗಿಂತ ಚಿಕ್ಕವಳಿರಬೇಕು. ಕೋಣೆ ಚಿಕ್ಕದು, ಹಾಗಾಗಿ ನಾನು, ಕಾಕಾ, ಕಾಶವ್ವಕ್ಕ ಒಳಗೆ ಹೋದೆವು. ಉಳಿದವರು ಹೊರಗೆ ಬೆಂಚಿನ ಮೇಲೆ ಕೂತರು. ನಾನು ಇದ್ದದ್ದು ಇದ್ದಂತೆ ಹೇಳಿದೆ. ಆಕೆ ಶಾಂತವಾಗಿ ಕೇಳಿದಳು. ಹೊರದೇಶದಲ್ಲಿ ದುಡಿಯುವ ಗಂಡ ಮನೆ ಖರ್ಚಿಗೆ ಕಳಿಸಿದ ಹಣ ಹೆಂಡತಿಯ ಆದಾಯವಲ್ಲ, ಅದಕ್ಕೆ ಇಲ್ಲಿ ತೆರಿಗೆ ಬೀಳುವುದಿಲ್ಲ ಎಂದಳು. ಆದರೆ ಐದು ಮನೆಯ ಹಣ ನಿಮ್ಮ ಹೆಸರಿಗೆ ಬಂದರೆ ನಾವು ಕೇಳಲೇಬೇಕು, ಒಬ್ಬರು ಇನ್ನೊಬ್ಬರ ಹಣ ತಂದು ಹಂಚುವುದು ಪರವಾನಗಿ ಬೇಕಾದ ವ್ಯವಹಾರ, ಇನ್ನು ಮೇಲೆ ಅವರವರ ಹಣ ಅವರವರ ಖಾತೆಗೇ ಬರಲಿ ಎಂದು ಎಚ್ಚರಿಸಿದಳು. ಐದೂ ಜನರಿಂದ ಹೇಳಿಕೆ ಬರೆಸಿಕೊಳ್ಳುತ್ತೇನೆ, ಅಷ್ಟಾದರೆ ಸಾಕು ಎಂದಳು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ನಾನು ಏಳಬೇಕು, ಆಗ ಕಾಶವ್ವಕ್ಕ ಬಾಯಿ ಬಿಟ್ಟಳು.

"ಮೇಡಂರ, ತೆರಿಗಿ ಇಲ್ಲ ಅಂತೀರಿ. ಮತ್ತ ನಮ್ಮ ಮನ್ಯಾವರ ರೊಕ್ಕದಾಗ ತಿಂಗಳಾ ನೂರಕ್ಕ ಮೂರು ರೂಪಾಯಿ ಅಲ್ಲಿ ಮುರೀತಾರಲ್ಲ, ಅದನ್ನರ ತಿರುಗಿ ಕೊಡಸ್ರಿ."

ಆಕೆಗೆ ಅರ್ಥವಾಗಲಿಲ್ಲ. ಎರಡು ಸಲ ಕೇಳಿದಳು. ಕಾಕಾ ಬಿಡಿಸಿ ಹೇಳಿದರು. ಆಗ ಆಕೆ, ಅಲ್ಲಿ ಅಂಗಡಿಯ ಶುಲ್ಕವಿದೆ, ಶುಲ್ಕದ ಮೇಲೆ ಸಣ್ಣ ತೆರಿಗೆಯಿದೆ, ಕಳಿಸುವ ಹಣದ ಮೇಲೆ ನೂರಕ್ಕೆ ಮೂರು ಎಂಬ ತೆರಿಗೆ ನಾನು ಕೇಳಿಲ್ಲ, ನೀವು ಹೇಳುವುದು ಬೇರೆ ದೇಶದ ಸುದ್ದಿ ಇರಬೇಕು, ಅಲ್ಲೂ ಅದು ಅಷ್ಟಿಲ್ಲ ಎಂದಳು. ಕಾಕಾ ನನ್ನ ಮುಖ ನೋಡಲಿಲ್ಲ, ಮೇಜಿನ ಕಾಲು ನೋಡಿದರು. ಕಾಶವ್ವಕ್ಕ ಮಾತ್ರ ಸೆರಗು ಸರಿ ಮಾಡಿಕೊಂಡು ಎದ್ದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಬಾಜುವಿಗೇ ಕೂತಳು. ಉದ್ಯಮಬಾಗ ದಾಟಿದ ಮೇಲೆ, ಆ ಮೇಡಂ ಕಡೀಕ ಏನಂದ್ರೋ ನನಗೊಂದೂ ತಿಳೀಲಿಲ್ಲ ತಂಗಿ ಎಂದಳು. ನಾನು ತಲೆಯಾಡಿಸಿದೆ. ನನಗೆ ಎಲ್ಲ ತಿಳಿದಿತ್ತು.

ನಿಮ್ಮನ್ನು ಅನುಮಾನಿಸಬಾರದೆಂದು ನಾನು ತುಂಬ ಯತ್ನಿಸಿದೆ. ನೀವೂ ಮೋಸ ಹೋಗಿರಬಹುದು, ಅಂಗಡಿಯವನೇ ಮುರಿದುಕೊಂಡಿರಬಹುದು ಎಂದೆಲ್ಲ. ಆದರೆ ನಿಮ್ಮ ಓವರ್‌ಟೈಮ್ ನನ್ನನ್ನು ಬಿಡಲಿಲ್ಲ. ಕಳೆದ ವರ್ಷ ಅದೇ ಮಳೆಗಾಲದಿಂದ ನಮ್ಮ ಪಾಲಿಗೆ ಓವರ್‌ಟೈಮ್ ಎಂದು ಮೂರು ಸಾವಿರದ ಏಳುನೂರ ಐವತ್ತು ಹೆಚ್ಚು ಬರತೊಡಗಿತು. ಐದು ಮನೆಯಿಂದ ಏಳುನೂರ ಐವತ್ತು ಕೂಡಿಸಿದರೆ ಅಷ್ಟೇ ಆಗುತ್ತದೆ. ಇಷ್ಟು ಲೆಕ್ಕ ಆಯೆಷಾ ಕೂಡ ಬಾಯಲ್ಲೇ ಮಾಡುತ್ತಾಳೆ. ಚಳಿಗಾಲದಲ್ಲಿ ನಿಮಗೆ ಜ್ವರ ಬಂದು ಅರ್ಧ ತಿಂಗಳು ಕೆಲಸಕ್ಕೇ ಹೋಗಲಿಲ್ಲ. ಆ ತಿಂಗಳೂ ಓವರ್‌ಟೈಮ್ ಅಷ್ಟೇ ಬಂತು, ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಹಾಸಿಗೆಯಲ್ಲಿ ಮಲಗಿದವನಿಗೆ ಓವರ್‌ಟೈಮ್ ಕೊಡುವ ಕಾರ್ಖಾನೆ ಎಲ್ಲಿದೆ ಹೇಳಿ. ಆ ಅರ್ಧ ತಿಂಗಳು ನಿಮಗೆ ಗಂಜಿ ಕಾಯಿಸಿ ಕುಡಿಸಿದವರು ಸಿದರಾಯಣ್ಣ. ನೀವೇ ಹೇಳಿದ್ದು. ಆ ತಿಂಗಳೂ ಅವರ ಪಾಲಿನಿಂದ ಮುರಿದಿರಿ.

ನನಗೆ ಸಿಟ್ಟಿಗಿಂತ ನಾಚಿಕೆ ಹೆಚ್ಚು. ಹದಿನಾಲ್ಕು ವರ್ಷ ಸಂಸಾರ ಮಾಡಿದ ಗಂಡ ಹೀಗೆ ಮಾಡಿದ ಎಂಬುದಕ್ಕಲ್ಲ, ಮಾಡುವಾಗ ನನ್ನನ್ನೂ ಓಣಿಯವರ ಸಾಲಿನಲ್ಲೇ ಕೂಡಿಸಿ ಮೋಸ ಮಾಡಿದಿರಲ್ಲ ಎಂದು.

ಆ ದುಡ್ಡು ಎಲ್ಲಿ ಹೋಯಿತು ಎಂದು ಹುಡುಕಬೇಕಾಗಿರಲಿಲ್ಲ. ಅದರ ಮೇಲೇ ನಡೆದಾಡುತ್ತಿದ್ದೆ. ಮುಂದಿನ ಕೋಣೆಯ ಟೈಲ್ಸು, ಎರಡು ಕಿಟಕಿ, ಗೋಡೆಯ ಹಸಿರು ಬಣ್ಣ, ಆ ಕೆಂಪು ಸೋಫಾ. ಹಂಚುವ ದಿನ ಐದೂ ಹೆಂಗಸರು ಅದೇ ಟೈಲ್ಸಿನ ಮೇಲೆ ಮೊರ ಇಟ್ಟುಕೊಂಡು ಕೂತು, ತಹಮೀನಾ ನಿನ್ನ ಮನಿ ಭಾಳ ಚಂದ ಆತು, ನಿನ್ನ ಗಂಡ ಭಾಳ ದುಡೀತಾನ ಎಂದು ಹೊಗಳುತ್ತಿದ್ದರು. ಅವರು ಕೂತದ್ದು ತಮ್ಮದೇ ದುಡ್ಡಿನ ಮೇಲೆ.

ನೀವು ಈಗ ಏನು ಹೇಳುತ್ತೀರಿ ಎಂಬುದೂ ನನಗೆ ಗೊತ್ತು. ನೀನೇ ಅಲ್ಲವೇ ಅವತ್ತು ಅಂದದ್ದು, ಐದು ಜನ ಬಂದು ಒಡೆದ ಗಾರೆಯ ಮೇಲೆ ಕೂರುತ್ತಾರೆ, ನನಗೆ ಮುಜುಗರವಾಗುತ್ತದೆ ಎಂದು. ಹೌದು, ಅಂದಿದ್ದೆ. ಹೆಂಡತಿ ಅಂದಮೇಲೆ ಇಂಥ ನೂರು ಮಾತು ಅನ್ನುತ್ತಾಳೆ. ಚಾದರ ಹಾಸಿದ್ದರೆ ಸಾಕಿತ್ತು. ಆ ಮಾತನ್ನು ಹೊತ್ತುಕೊಂಡು ಹೋಗಿ ನೀವು ಏನು ಮಾಡಿದಿರೋ ಅದಕ್ಕೆ ನಾನು ಹೊಣೆಯಲ್ಲ. ನನ್ನ ಹೊಣೆ ಶುರುವಾಗುವುದು ನನಗೆ ತಿಳಿದ ದಿನದಿಂದ. ಅದನ್ನು ನಾನು ಹೇಗೆ ಹೊತ್ತೆ ಎಂದು ಈಗ ಕೇಳಿ.

ಹೇಳಿಕೆಗಳೆಲ್ಲ ಮುಟ್ಟಿದ ಮೇಲೆ ಜೂನ್ ಮುಗಿಯುವಷ್ಟರಲ್ಲಿ ಖಾತೆ ಬಿಡುಗಡೆಯಾಯಿತು. ಅದೇ ದಿನ ಬ್ಯಾಂಕಿನಿಂದ ತೆಗೆದು ತಂದೆ, ಕಾಶವ್ವಕ್ಕ ಮೊರ ತಂದಳು, ಎಲ್ಲರ ಪಾಲೂ ಅವರವರಿಗೆ ಸೇರಿತು. ಮೇಘಾಳ ಫೀಗೆ ಕಾಲೇಜಿನವರು ಗುರುಪುತ್ರಪ್ಪ ಕಾಕಾ ಅವರ ಮಾತಿಗೆ ಒಂದಿಷ್ಟು ದಿನ ತಡೆದಿದ್ದರು, ಅದೂ ಕಟ್ಟಿಯಾಯಿತು. ಹುಡುಗಿ ಈಗ ದಿನಾ ಬೆಳಗಾವಿಯ ಬಸ್ಸು ಹಿಡಿಯುತ್ತಾಳೆ. ಹಂಚುವ ಆ ದಿನ ನಮ್ಮ ಮನೆಯಲ್ಲಿ ಇನ್ನೊಂದು ಮಾತೂ ಆಯಿತು. ಅದನ್ನು ಕೊನೆಗೆ ಹೇಳುತ್ತೇನೆ.

ಐದೂ ಹೆಂಗಸರಿಗೆ ಅವರವರ ಹೆಸರಿನಲ್ಲಿ ಖಾತೆ ತೆಗೆಸಿದ್ದೇನೆ. ಅವರಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ ಮಾಯಕ್ಕನಿಗೆ ಮೇಘಾ ಸಹಿ ಕಲಿಸಿದ್ದಾಳೆ. ಆ ಸಹಿ ನೋಡಿ ಬ್ಯಾಂಕಿನವರು ಏನೆಂದುಕೊಂಡರೋ, ಮಾಯಕ್ಕ ಮಾತ್ರ ಮನೆ ಗೋಡೆಯ ಮೇಲೂ ಬರೆದಿದ್ದಾಳೆ.

ಇನ್ನು ನನ್ನ ಸುದ್ದಿ. ಬ್ಯಾಂಕಿಗೆ ಹತ್ತು ಸಲ ಎಡತಾಕಿದ್ದು ವ್ಯರ್ಥವಾಗಲಿಲ್ಲ. ನಮ್ಮ ಭಾಗಕ್ಕೆ ಬ್ಯಾಂಕ್ ಮಿತ್ರ ಬೇಕಾಗಿದ್ದಾರೆ ಎಂದು ಅಲ್ಲಿ ಚೀಟಿ ಅಂಟಿಸಿದ್ದರು. ಬ್ಯಾಂಕಿನ ಪರವಾಗಿ ಓಣಿಯಲ್ಲೇ ಕೂತು ಜನರ ಬೆರಳು ಒತ್ತಿಸಿಕೊಂಡು ದುಡ್ಡು ಕೊಡುವುದು, ಕಟ್ಟಿಸಿಕೊಳ್ಳುವುದು, ಊರಿಂದೂರಿಗೆ ಕಳಿಸುವುದು. ಎರಡು ವರ್ಷದಿಂದ ನಾನು ಮಾಡಿದ್ದು ಇದೇ ಅಲ್ಲವೇ, ಪರವಾನಗಿ ಇರಲಿಲ್ಲ ಅಷ್ಟೇ. ಅರ್ಜಿ ಹಾಕಿದೆ, ಪರೀಕ್ಷೆ ಬರೆದೆ, ಪಾಸಾದೆ. ಆಗಸ್ಟಿನಿಂದ ನಮ್ಮ ಮುಂದಿನ ಕೋಣೆಯಲ್ಲಿ ಮಶೀನು ಕೂರುತ್ತದೆ. ಸೋಫಾ ಮಾರಿಬಿಟ್ಟೆ. ಗಿರಾಕಿಗಳಿಗೆ ಬೆಂಚು ಸಾಕು, ಮುಜೀಬನಿಗೆ ಚಾಪೆ ಸಾಕು. ನನಗೆ ಬರುವ ಕಮಿಷನ್ನಿನಲ್ಲಿ ಸ್ವಲ್ಪ ತೆರಿಗೆ ಮುರಿದುಕೊಂಡೇ ಕೊಡುತ್ತಾರಂತೆ. ಮುರಿಯಲಿ, ಖುಷಿಯಿಂದ ಕೊಡುತ್ತೇನೆ. ಅದು ಖರೇ ತೆರಿಗೆ.

ಸೋಫಾದ ದುಡ್ಡು ತೆಗೆದಿಟ್ಟಿದ್ದೇನೆ. ನಿಮ್ಮ ಪಾಲಿನಿಂದ ತಿಂಗಳಿಗೊಂದಿಷ್ಟು, ನನ್ನ ಕಮಿಷನ್ನಿನಿಂದ ಒಂದಿಷ್ಟು ಸೇರಿಸಿದರೆ ಇಷ್ಟು ತಿಂಗಳಲ್ಲಿ ನೀವು ಮುರಿದುಕೊಂಡ ಸುಮಾರು ನಲವತ್ತು ಸಾವಿರ ಬರುವ ಬೇಸಿಗೆಯೊಳಗೆ ಐದೂ ಮನೆಗೆ ತಿರುಗಿ ಹೋಗುತ್ತದೆ. ಅದರ ಚಿಂತೆ ನನಗಿಲ್ಲ. ದುಡ್ಡು ಹೋದದ್ದು ಬರುತ್ತದೆ. ಬರಬೇಕಾದದ್ದು ಇನ್ನೊಂದಿದೆ, ಅದು ನಿಮ್ಮ ಬಾಯಿಂದಲೇ ಬರಬೇಕು.

ಎಲ್ಲರ ಹಣ ನನ್ನ ಖಾತೆಗೆ ಹಾಕುವ ಹಾಗಿಲ್ಲವಾದ್ದರಿಂದ ಕಳೆದ ಪಗಾರ ನೀವು ಯಾರೂ ಇನ್ನೂ ಕಳಿಸಿಲ್ಲ. ಈಗ ಹೊಸ ಖಾತೆಗಳ ವಿವರ ಸಂಜಯಣ್ಣ ತರುತ್ತಿದ್ದಾರೆ. ಅಂದರೆ ಇನ್ನು ಕೆಲವೇ ದಿನಕ್ಕೆ ಐವರೂ ತಾವೇ ಅಂಗಡಿಯ ಕಿಟಕಿಗೆ ಹೋಗಿ ನಿಲ್ಲುತ್ತಾರೆ. ಅವರ ಕೈಗೆ ರಸೀದಿ ಬರುತ್ತದೆ. ಅದರಲ್ಲಿ ಶುಲ್ಕ ಇರುತ್ತದೆ, ಶುಲ್ಕದ ಮೇಲಿನ ತೆರಿಗೆ ಇರುತ್ತದೆ, ನಿಮ್ಮ ನೂರಕ್ಕೆ ಮೂರು ಇರುವುದಿಲ್ಲ. ಕಿಟಕಿಯ ಮುಂದೆ ನಿಂತು ಅವರಿಗೆ ಇದು ತಿಳಿಯುವ ಮೊದಲು ನೀವು ಹೇಳಬೇಕು. ಸಿದರಾಯಣ್ಣನಿಗೆ ಮೊದಲು, ಆಮೇಲೆ ಎಲ್ಲರಿಗೂ, ಊಟಕ್ಕೆ ಕೂರುವ ಮುಂಚೆ. ಅಂಗಡಿಯವನ ಮೇಲೆ ಹಾಕಬೇಡಿ, ಸರಕಾರದ ಮೇಲೆ ಹಾಕಬೇಡಿ, ನನ್ನ ಗಾರೆ ನೆಲದ ಮೇಲೂ ಹಾಕಬೇಡಿ. ತೆಗೆದುಕೊಂಡೆ, ತಿರುಗಿ ಕೊಡುತ್ತೇನೆ, ಇಷ್ಟೇ ಮಾತು. ಹೇಳಿದರೆ ನಾವು ಇದೇ ಓಣಿಯಲ್ಲಿ ತಲೆಯೆತ್ತಿ ಬದುಕುತ್ತೇವೆ. ನೀವು ಹೇಳದೆ ಅವರಿಗೆ ತಿಳಿದರೆ, ಆಯೆಷಾ ಆ ನಳದ ಹತ್ತಿರ ಕೊಡ ಇಡುವುದು ಹೇಗೆ ಎಂದು ನೀವೇ ಯೋಚಿಸಿ.

ಬೈದರೆ ಬೈಸಿಕೊಳ್ಳಿ. ಸಿದರಾಯಣ್ಣ ಎರಡು ಏಟು ಹಾಕಿದರೂ ತಿನ್ನಿ, ಅಣ್ಣನ ಕೈ.

ನಾನು ನಿಮ್ಮನ್ನು ಬಿಟ್ಟೆ ಎಂದು ತಿಳಿಯಬೇಡಿ. ಬಿಡುವ ಹಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ, ನೆಟ್‌ವರ್ಕ್ ಹೋಗಿದೆ ಎಂದು ಸುಮ್ಮನಿರುತ್ತಿದ್ದೆ. ನಿಮ್ಮ ಮೇಲೆ ಸಿಟ್ಟಿದೆ, ಇನ್ನೂ ಕೆಲವು ತಿಂಗಳು ಇರುತ್ತದೆ. ನೀವು ಆ ಬಿಸಿಲಿನಲ್ಲಿ ಪೈಪು ಹೊತ್ತು ಸುಟ್ಟುಕೊಂಡ ಹೆಗಲು ನೆನಪಾದರೆ ಕರುಳು ಚುರುಕ್ ಎನ್ನುತ್ತದೆ, ಅದೂ ಇರುತ್ತದೆ. ಎರಡನ್ನೂ ಇಟ್ಟುಕೊಂಡು ಬದುಕುವುದು ನನಗೆ ಬರುತ್ತದೆ. ರಂಜಾನಿಗೆ ರಜೆ ಸಿಕ್ಕರೆ ಬನ್ನಿ. ಕೌಂಟರಿನ ಮೇಲೆ ನನ್ನ ಹೆಸರಿನ ಬೋರ್ಡು ಇರುತ್ತದೆ, ನೋಡುವಿರಂತೆ.

ಅಮ್ಮಿ ದುವಾ ಹೇಳಿದ್ದಾರೆ. ಆಯೆಷಾ ಬಣ್ಣದ ಪೆನ್ನು ತನ್ನಿ ಎಂದಿದ್ದಾಳೆ. ಔಷಧಿ ಮರೆಯಬೇಡಿ.

ನಿಮ್ಮ,
ತಹಮೀನಾ

ತಾ.ಕ.: ಸಂಜಯಣ್ಣನ ಚೀಲದಲ್ಲಿ ಕುಂದಾದ ಡಬ್ಬಿ ಆರು ಇವೆ. ಹಂಚುವ ದಿನ ಆದ ಆ ಇನ್ನೊಂದು ಮಾತು ಏನೆಂದರೆ, ಮೊರದ ಮೇಲೆ ದುಡ್ಡು ಇಡುವ ಮೊದಲು ನಾನು ಐವರಿಗೂ ಎಲ್ಲ ಹೇಳಿಬಿಟ್ಟೆ. ಕಾಶವ್ವಕ್ಕನಿಗೆ ಆಫೀಸಿನಲ್ಲೇ ಪೂರ್ತಿ ತಿಳಿದಿತ್ತಂತೆ. ನಾನಾಗಿ ಹೇಳುತ್ತೇನೋ ಇಲ್ಲವೋ ಎಂದು ಕಾದಿದ್ದಳಂತೆ. ಈಗ ಐವರೂ ನಿಮಗಾಗಿ ಕಾಯುತ್ತಿದ್ದಾರೆ. ಸಾರಿಗೆ ಉಪ್ಪು ಹೆಚ್ಚಾದದ್ದನ್ನೂ ಗಂಡನಿಗೆ ಫೋನು ಮಾಡಿ ಹೇಳುವ ಹೆಂಗಸರು ಇದೊಂದನ್ನು ಬಾಯಿಗೆ ತಂದಿಲ್ಲ. ಪ್ರಮಿಳಾ ಅದೇ ಮನೆಯಲ್ಲಿ ಉಂಡು ಮಲಗುವ ಸಂಜಯಣ್ಣನಿಗೂ ಹೇಳಿಲ್ಲ. ನೀವೇ ಹೇಳಿದಿರಿ ಎನ್ನುವ ಮಾತು ನಿಮಗೆ ಉಳಿಯಲಿ ಎಂದು. ಐದು ಡಬ್ಬಿ ಅವರವರ ಗಂಡಂದಿರಿಗೆ. ಆರನೆಯದು ನಿಮ್ಮದು, ಅದನ್ನು ನಾನು ಕೊಂಡದ್ದಲ್ಲ. ನಾನು ದುಡ್ಡು ಕೊಡಹೋದರೆ ಕಾಶವ್ವಕ್ಕ, ನಿನ್ನ ರೊಕ್ಕ ಬ್ಯಾಡ ತಂಗಿ, ಹೇಳಿದ ಮ್ಯಾಲ ಅವನೂ ಇವರ ಜೋಡಿ ಕುಂತು ತಿನ್ಲಿ ಎಂದಳು. ಕುಂದಾ ಒಂದು ವಾರದ ಮೇಲೆ ಉಳಿಯುವುದಿಲ್ಲ.